ಅಮೆರಿಕದ ಯೂನಿವರ್ಸಿಟಿ ಆಟಗಾರರ ಹಣ: 2.05 ಕೋಟಿ ಡಾಲರ್‌ನಲ್ಲಿ ಯಾವ ತಂಡಕ್ಕೆ ಎಷ್ಟು?

ಟೆನ್ನಿಸ್ ಅಂಗಳ:
ಕಾಲೇಜು ಆಟಗಾರರು ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಮೇಲೆ ಹೂಡಿದ್ದ ‘ಹೌಸ್’ ಪ್ರಕರಣದ ರಾಜಿ ಒಪ್ಪಂದಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2025ರ ಜೂನ್ 6ರಂದು ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ಯೂನಿವರ್ಸಿಟಿಗಳು ತಮ್ಮ ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದು, ಮೊದಲ ವರ್ಷ 2025-26ಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನದ್ದೇ ಗೋಜಲು. ಒಂದು ಯೂನಿವರ್ಸಿಟಿಯಲ್ಲಿ ಇಪ್ಪತ್ತು ಕ್ರೀಡೆಗಳಿದ್ದರೆ ಯಾವ ತಂಡಕ್ಕೆ ಎಷ್ಟು ಅಂತ ತೀರ್ಮಾನ ಆಗೋದು ಹೇಗೆ? ಎಲ್ಲ ಕಡೆ ಓಡಾಡ್ತಿರೋ 75-15-5-5 ಸೂತ್ರ (ನೂರರಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ 75, ಪುರುಷರ ಬಾಸ್ಕೆಟ್‌ಬಾಲ್‌ಗೆ 15, ಮಹಿಳಾ ಬಾಸ್ಕೆಟ್‌ಬಾಲ್‌ಗೆ 5, ಉಳಿದೆಲ್ಲಕ್ಕೆ 5) ಕಾನೂನೇ? ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಟೆನ್ನಿಸ್, ಈಜು, ಗಾಲ್ಫ್ ಆಡುವ ಹೈಸ್ಕೂಲ್ ಮಕ್ಕಳಿದ್ದಾರೆ. ಆ ಕ್ರೀಡೆಗಳಿಗೆ ಇದರಿಂದ ಏನಾಗುತ್ತೆ ಅನ್ನೋದನ್ನೂ ಬಲ್ಲವರು ಬರೀರಿ.

ಲೆಕ್ಕದ ಖಾತೆ:
ಮೊದಲು 2.05 ಕೋಟಿ ಅನ್ನೋ ಅಂಕಿಯನ್ನೇ ಬಿಡಿಸಿ ನೋಡಬೇಕು. ಅದು ಯಾರೋ ಕೊಡುವ ಅನುದಾನ ಅಲ್ಲ, ಗರಿಷ್ಠ ಮಿತಿ. ದೊಡ್ಡ ಕಾನ್ಫರೆನ್ಸ್‌ಗಳ (ಒಟ್ಟಿಗೆ ಆಡುವ ಯೂನಿವರ್ಸಿಟಿಗಳ ಕೂಟಗಳ) ಯೂನಿವರ್ಸಿಟಿಗಳಿಗೆ ಟಿಕೆಟ್, ಟಿವಿ ಹಕ್ಕು, ಪ್ರಾಯೋಜಕತ್ವ, ಕಾನ್ಫರೆನ್ಸ್ ಪಾಲು ಮುಂತಾದ ಬಾಬ್ತುಗಳಲ್ಲಿ ಬರುವ ಸರಾಸರಿ ಆದಾಯದ 22% ಅದು. ದಾನಿಗಳ ದೇಣಿಗೆ ಆ ಲೆಕ್ಕಕ್ಕೆ ಸೇರೋದಿಲ್ಲ. ಸರಾಸರಿ ಆಗಿರೋದರಿಂದ, ಅದರ ಅರ್ಧ ಗಳಿಸುವ ಯೂನಿವರ್ಸಿಟಿಗೂ ಇದೇ ಮಿತಿ. ತುಂಬಿಸೋಕೆ ದುಡ್ಡು ಮಾತ್ರ ಅವರೇ ಹುಡುಕಬೇಕು. ಟೆನ್ನೆಸೀ ಯೂನಿವರ್ಸಿಟಿ ಟಿಕೆಟ್ ದರದ ಮೇಲೆ 10% ‘ಪ್ರತಿಭಾ ಶುಲ್ಕ’ ಹಾಕಿದ್ದು ಇದಕ್ಕೇ. 2026-27ಕ್ಕೆ ಮಿತಿ 4% ಏರಿ ಸುಮಾರು 2.13 ಕೋಟಿ.

ಎರಡನೆಯದು, ಈ ಮಿತಿಯೊಳಗೆ ಇರೋದೆಲ್ಲ ನಗದಲ್ಲ. ಹಳೆಯ ಸ್ಕಾಲರ್‌ಶಿಪ್ ಮಿತಿಗಿಂತ ಹೆಚ್ಚಾಗಿ ಕೊಡುವ ಹೊಸ ಸ್ಕಾಲರ್‌ಶಿಪ್‌ಗಳು 25 ಲಕ್ಷ ಡಾಲರ್‌ವರೆಗೆ ಇದರಲ್ಲೇ ಕಳೆಯುತ್ತವೆ. ಆಲ್ಸ್ಟನ್ ಬಹುಮಾನ ಅಂತ ಓದಿನ ಸಾಧನೆಗೆ ಕೊಡುವ ಹಣವೂ ಇನ್ನೊಂದು 25 ಲಕ್ಷದವರೆಗೆ ಕಳೆಯುತ್ತೆ. ಮೊದಲಿಂದಲೂ ಕೊಡ್ತಿದ್ದ ಸ್ಕಾಲರ್‌ಶಿಪ್ ಇದಕ್ಕೆ ಸೇರಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಹೊಸ ಸ್ಕಾಲರ್‌ಶಿಪ್‌ಗೆ ಪೂರ್ತಿ 25 ಲಕ್ಷ ಇಟ್ಟರೆ ಉಳಿಯೋದು 1.8 ಕೋಟಿ. ಆಲ್ಸ್ಟನ್ ಬಹುಮಾನ ತಲೆಗೆ ವರ್ಷಕ್ಕೆ ಗರಿಷ್ಠ 5,980 ಡಾಲರ್. ಅದನ್ನು 400 ಆಟಗಾರರಿಗೆ ಕೊಟ್ಟರೆ 23.92 ಲಕ್ಷ. ಈಗ ಹಂಚೋಕೆ ಉಳಿದದ್ದು 1.56 ಕೋಟಿ ಚಿಲ್ಲರೆ. ಫುಟ್‌ಬಾಲ್‌ಗೆ 75% ಅಂದರೆ 1.8 ಕೋಟಿಯಲ್ಲಿ 1.35 ಕೋಟಿ ಆಗ್ತಿತ್ತು, ಈಗ 1.17 ಕೋಟಿ. ಶೇಕಡಾವಾರು ಒಂದೇ ಇದ್ದರೂ ಫುಟ್‌ಬಾಲ್ ಕೋಚ್ ಕೈಯಿಂದ ಸುಮಾರು 18 ಲಕ್ಷ ಡಾಲರ್ ಜಾರಿತು. ಅದಕ್ಕೇ ಆಲ್ಸ್ಟನ್ ಹಣ ನಿಲ್ಲಿಸಿ ಅಂತ ಒತ್ತಡ ಬರೋದು ಫುಟ್‌ಬಾಲ್ ಕಡೆಯಿಂದ. ಅದನ್ನು ನಿಲ್ಲಿಸಿದರೆ ಕಳಕೊಳ್ಳೋರು ಚೆನ್ನಾಗಿ ಓದುವ ಈಜುಗಾರರು, ಓಟಗಾರರು. ಶೇಕಡಾವಾರು ಮಾತು ಶುರುವಾಗೋ ಮೊದಲೇ ದೊಡ್ಡ ತೀರ್ಮಾನಗಳು ಮುಗಿದಿರುತ್ತವೆ.

ಕೊಪ್ಪಳದ ಕೀ:
ಆಲ್ಸ್ಟನ್ ಅಂದ್ರೆ 2021ರ ಸುಪ್ರೀಂ ಕೋರ್ಟ್ ತೀರ್ಪಲ್ವಾ ಸರ್? ಅದಕ್ಕೂ ನೈಲ್ ಹಣಕ್ಕೂ ಏನು ವ್ಯತ್ಯಾಸ?

ಕಾನೂನು ಕಟ್ಟೆ:
ಹೌದು, 9-0ರ ತೀರ್ಪು. ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್‌ಸಿಎಎ ತಡೆ ಹಾಕುವಂತಿಲ್ಲ ಎಂದಿತು. ನೈಲ್ ಎಂದರೆ ಆಟಗಾರರ ಹೆಸರು, ಚಿತ್ರ, ಹೋಲಿಕೆಯನ್ನು ಬಳಸಿಕೊಳ್ಳಲು ಕೊಡುವ ಹಣ. 2021ರ ಜುಲೈ 1ರಿಂದ ಅದನ್ನು ಹೊರಗಿನವರು ಕೊಡಬಹುದಾಗಿತ್ತು. ಈಗ ಯೂನಿವರ್ಸಿಟಿಯೇ ಕೊಡಬಹುದು. ಮಿತಿಗೆ ಒಳಪಡುವುದು ಯೂನಿವರ್ಸಿಟಿಯ ಹಣ ಮಾತ್ರ.

75-15-5-5ರ ಬಗ್ಗೆ. ಅದು ಕಾನೂನಲ್ಲ. ಒಪ್ಪಂದದಲ್ಲಿ ಎರಡು ಭಾಗಗಳಿವೆ. ಒಂದು, 2016ರಿಂದ ಆಡಿದವರಿಗೆ ಹಿಂಬಾಕಿ ಪರಿಹಾರ, ಹತ್ತು ವರ್ಷಗಳಲ್ಲಿ ಸುಮಾರು 278 ಕೋಟಿ ಡಾಲರ್. ಇನ್ನೊಂದು, ಮುಂದಿನ ವರ್ಷಗಳ ನೇರ ಪಾವತಿ. ಹಿಂಬಾಕಿಯನ್ನು ಹಂಚಲು ವಾದಿಗಳ ಪರ ಅರ್ಥಶಾಸ್ತ್ರಜ್ಞರು ಟಿವಿ ಆದಾಯವನ್ನು ಆಧರಿಸಿ ಒಂದು ಲೆಕ್ಕ ಕೊಟ್ಟರು: ಸ್ಥೂಲವಾಗಿ ಫುಟ್‌ಬಾಲ್ 75, ಪುರುಷರ ಬಾಸ್ಕೆಟ್‌ಬಾಲ್ 15, ಮಹಿಳಾ ಬಾಸ್ಕೆಟ್‌ಬಾಲ್ 5, ಉಳಿದೆಲ್ಲ 5. ಮುಂದಿನ ಪಾವತಿಗೂ ಅನೇಕ ಯೂನಿವರ್ಸಿಟಿಗಳು ಅದನ್ನೇ ಎತ್ತಿಕೊಂಡವು. ಕಾರಣ ಸರಳ: ನಾಳೆ ಯಾರಾದರೂ ಪ್ರಶ್ನಿಸಿದರೆ, ನ್ಯಾಯಾಲಯ ನೋಡಿ ಒಪ್ಪಿದ ಅನುಪಾತ ಎಂದು ತೋರಿಸಬಹುದು. ಆದರೆ ಮುಂದಿನ ಪಾವತಿಯನ್ನು ಹೀಗೇ ಹಂಚಿ ಎಂದು ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಇಡೀ ಹಣವನ್ನು ಒಂದೇ ತಂಡಕ್ಕೆ ಕೊಟ್ಟರೂ ಒಪ್ಪಂದ ಮುರಿದಂತಾಗದು.

ಶನಿವಾರದ ಸ್ಟೇಡಿಯಂ:
ಸೂತ್ರ ಎಲ್ಲಿಂದ ಬಂದರೇನು, ಫುಟ್‌ಬಾಲ್‌ಗೆ 75 ಕೊಡೋದು ನ್ಯಾಯವೇ. ದೊಡ್ಡ ಕಾನ್ಫರೆನ್ಸ್‌ನ ಯೂನಿವರ್ಸಿಟಿಗಳಲ್ಲಿ ಉಳಿದ ಹದಿನೈದು ಇಪ್ಪತ್ತು ತಂಡಗಳ ಬಸ್ಸು, ಹೋಟೆಲು, ಕೋಚ್ ಸಂಬಳ ಎಲ್ಲ ಫುಟ್‌ಬಾಲ್ ಗಳಿಕೆಯಲ್ಲೇ ನಡೆಯೋದು. ಆ ತಂಡ ಎರಡು ಸೀಸನ್ ಸೋತರೆ ಮೊದಲು ಬತ್ತೋದು ಈಜುಕೊಳದ ಬಜೆಟ್ಟೇ. ಜಾರ್ಜಿಯಾ ಯೂನಿವರ್ಸಿಟಿಯ ಲೆಕ್ಕ ತಗೊಳ್ಳಿ: 1.8 ಕೋಟಿಯಲ್ಲಿ ಫುಟ್‌ಬಾಲ್‌ಗೆ 1.35 ಕೋಟಿ, ಪುರುಷರ ಬಾಸ್ಕೆಟ್‌ಬಾಲ್‌ಗೆ 27 ಲಕ್ಷ, ಮಹಿಳಾ ಬಾಸ್ಕೆಟ್‌ಬಾಲ್‌ಗೆ 9 ಲಕ್ಷ. ದೊಡ್ಡ ಮೊತ್ತ ಅನ್ನಿಸುತ್ತೆ. ಫುಟ್‌ಬಾಲ್ ತಂಡದ 105 ಜನಕ್ಕೆ ಭಾಗಿಸಿ, ತಲೆಗೆ ಸರಾಸರಿ 1,28,571 ಡಾಲರ್. ಪುರುಷರ ಬಾಸ್ಕೆಟ್‌ಬಾಲ್‌ನಲ್ಲಿ 15 ಜನ, ತಲೆಗೆ 1,80,000. ಹಾಗೆ ನೋಡಿದರೆ ಫುಟ್‌ಬಾಲಿಗನಿಗೆ ಸಿಗೋದೇ ಕಡಿಮೆ.

ಲೆಕ್ಕದ ಖಾತೆ:
ಗಳಿಕೆಯ ಮಾತು ಒಪ್ಪುತ್ತೇನೆ ಸರ್. ಆದರೆ ಅದೇ ವಾದ ಎಲ್ಲ ಕಡೆ ಒಂದೇ ಉತ್ತರ ಕೊಡಲ್ಲ. ಬಿಗ್ ಈಸ್ಟ್ ಕಾನ್ಫರೆನ್ಸ್ ನೋಡಿ. ಸೇಂಟ್ ಜಾನ್ಸ್, ಮಾರ್ಕ್ವೆಟ್ ಥರದ ಯೂನಿವರ್ಸಿಟಿಗಳಲ್ಲಿ ಫುಟ್‌ಬಾಲ್ ತಂಡವೇ ಇಲ್ಲ. ಅಲ್ಲಿ ಒಟ್ಟು ಮೊತ್ತ ಚಿಕ್ಕದಾದರೂ ಬಹುಪಾಲು ಪುರುಷರ ಬಾಸ್ಕೆಟ್‌ಬಾಲ್‌ಗೆ ಹೋಗಬಹುದು. ಫುಟ್‌ಬಾಲ್ ಇರೋ ಯೂನಿವರ್ಸಿಟಿ 27 ಲಕ್ಷ ಇಟ್ಟು ಅವರ ಜೊತೆ ಬಾಸ್ಕೆಟ್‌ಬಾಲ್ ಆಟಗಾರರಿಗೆ ಪೈಪೋಟಿ ಮಾಡಬೇಕು. 15%ಕ್ಕೆ ಅಂಟಿಕೊಂಡವರು ಕಷ್ಟಪಡೋದು ಇಲ್ಲೇ. ಟೆಕ್ಸಸ್ ಟೆಕ್ ಹೇಳಿಕೊಂಡ ಹಂಚಿಕೆಯಲ್ಲಿ ಫುಟ್‌ಬಾಲ್ 74%, ಪುರುಷರ ಬಾಸ್ಕೆಟ್‌ಬಾಲ್ 17-18%, ಮಹಿಳಾ ಬಾಸ್ಕೆಟ್‌ಬಾಲ್ 2%, ಬೇಸ್‌ಬಾಲ್ 1.9%. ಮಹಿಳಾ ಬಾಸ್ಕೆಟ್‌ಬಾಲ್‌ನಿಂದ ಮೂರು ಅಂಶ ತೆಗೆದರು, ಪುರುಷರ ಬಾಸ್ಕೆಟ್‌ಬಾಲ್‌ಗೆ ಹೆಚ್ಚು ಕಡಿಮೆ ಅಷ್ಟೇ ಸೇರಿಸಿದರು.

ಜೊತೆಗೆ ತಂಡದ ಶೇಕಡಾವಾರು ನೋಡಿ ಆಟಗಾರರ ಕೈಗೆ ಬರೋ ಹಣ ಊಹಿಸೋಕಾಗಲ್ಲ. ಅದೇ ಟೆಕ್ಸಸ್ ಟೆಕ್‌ಗೆ 2024ರಲ್ಲಿ ಸಾಫ್ಟ್‌ಬಾಲ್ ಪಿಚರ್ ನಿಜಾರಿ ಕ್ಯಾನಡಿ ಬಂದಾಗ ಬೆಂಬಲಿಗರ ಸಂಸ್ಥೆ ಆಕೆಗೆ ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಮೀರಿದ ಒಪ್ಪಂದ ಕೊಟ್ಟಿತು. ಸಾಫ್ಟ್‌ಬಾಲ್‌ನ ಪಾಲು ಯಾವ ಸೂತ್ರದಲ್ಲೂ ಅಲ್ಲಿಗೆ ಮುಟ್ಟಲ್ಲ.

ಸಮಪಾಲು:
75-15-5-5ರಲ್ಲಿ ಹೆಣ್ಣುಮಕ್ಕಳಿಗೆ ಸಿಗೋದು ಎಷ್ಟು ಅಂತ ಯಾರೂ ಕೂಡಿಸಿ ನೋಡ್ತಿಲ್ಲ. ಮಹಿಳಾ ಬಾಸ್ಕೆಟ್‌ಬಾಲ್‌ನ 5, ‘ಉಳಿದೆಲ್ಲ’ದ 5ರಲ್ಲಿ ಅರ್ಧ ಅಂದುಕೊಂಡರೂ 7.5%. ಆಟಗಾರರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಅವರೇ ಇರ್ತಾರೆ. ಶಿಕ್ಷಣದಲ್ಲಿ ಹೆಣ್ಣು-ಗಂಡು ಭೇದ ಮಾಡಬಾರದು ಅನ್ನೋ 1972ರ ಟೈಟಲ್ ನೈನ್ ಕಾನೂನು ಇಲ್ಲಿ ಅನ್ವಯಿಸಲ್ವಾ?

ಕಾನೂನು ಕಟ್ಟೆ:
ಮೇಡಂ, ಈ ಇಡೀ ವ್ಯವಸ್ಥೆ ಅಲುಗಾಡುತ್ತಿರುವುದೇ ಆ ಪ್ರಶ್ನೆಯ ಮೇಲೆ. 2025ರ ಜನವರಿ 16ರಂದು ಬೈಡನ್ ಸರ್ಕಾರದ ಶಿಕ್ಷಣ ಇಲಾಖೆ, ಯೂನಿವರ್ಸಿಟಿ ಕೊಡುವ ಹಣವೂ ಆರ್ಥಿಕ ನೆರವೇ, ಹೆಣ್ಣು-ಗಂಡು ಅನುಪಾತ ಪಾಲಿಸಬೇಕು ಎಂದು ಹೇಳಿತು. ಫೆಬ್ರುವರಿ 12ರಂದು ಟ್ರಂಪ್ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅಷ್ಟಕ್ಕೇ ಕಾನೂನು ಬದಲಾಗಲಿಲ್ಲ, ಇಲಾಖೆಯ ವಿವರಣೆ ಬದಲಾಯಿತು. ಒಪ್ಪಂದ ಅನುಮೋದಿಸುವಾಗ ವಿಲ್ಕನ್ ಅವರೂ ಮುಂದಿನ ಪಾವತಿಯಲ್ಲಿ ಟೈಟಲ್ ನೈನ್ ಉಲ್ಲಂಘನೆಯಾದರೆ ಬೇರೆ ಮೊಕದ್ದಮೆ ಹೂಡುವ ಹಕ್ಕು ಆಟಗಾರರಿಗೆ ಇದೆ ಎಂದು ಬರೆದರು. ಹಿಂಬಾಕಿಯ ಹಂಚಿಕೆಯನ್ನು ಪ್ರಶ್ನಿಸಿ ಕೆಲವು ಆಟಗಾರ್ತಿಯರು ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋದರು, ಹಿಂಬಾಕಿ ಪಾವತಿ ಅಲ್ಲಿಗೆ ತಡೆಯಾಯಿತು.

ಯೂನಿವರ್ಸಿಟಿಗಳ ವಾದ ಹೀಗಿದೆ: ಇದು ಸ್ಕಾಲರ್‌ಶಿಪ್ ಅಲ್ಲ, ಹೆಸರು-ಚಿತ್ರ ಬಳಸಲು ಪಡೆದ ಪರವಾನಗಿಯ ಬೆಲೆ. ಮಾರುಕಟ್ಟೆಯಲ್ಲಿ ಯಾರ ಹೆಸರಿಗೆ ಎಷ್ಟು ಬೆಲೆಯೋ ಅಷ್ಟು. ನನ್ನ ಮಟ್ಟಿಗೆ ಈ ವಾದ ದುರ್ಬಲ. ಒಬ್ಬೊಬ್ಬರ ಹೆಸರಿನ ಬೆಲೆಯೇ ಆಧಾರವಾಗಿದ್ದರೆ ತಂಡಕ್ಕೆ ಮೊದಲೇ ಶೇಕಡಾವಾರು ಕಟ್ಟಿಟ್ಟು, ಆಮೇಲೆ ಕೋಚ್ ಕೈಗೆ ಕೊಡುವುದೇಕೆ? ಎದುರು ಪಕ್ಷದ ವಕೀಲರು ಮೊದಲು ಕೇಳುವ ಕಾಗದವೂ ಆ ಹಂಚಿಕೆಯ ಪಟ್ಟಿಯೇ. ಹಂಚಿಕೆಯನ್ನು ಬಹಿರಂಗ ಮಾಡಲು ಬಹಳ ಯೂನಿವರ್ಸಿಟಿಗಳು ಒಪ್ಪದಿರುವುದರ ಹಿಂದೆ ಈ ಭಯವೂ ಇದೆ.

ಈಜುಕೊಳ:
ಟೆನ್ನಿಸ್ ಅಂಗಳ ಅವರೇ, ನಿಮ್ಮ ಮೂಲ ಪ್ರಶ್ನೆಗೆ ಬರ್ತೀನಿ. ಟೆನ್ನಿಸ್, ಈಜು, ಗಾಲ್ಫ್‌ನವರಿಗೆ ಶೇಕಡಾವಾರು ಮುಖ್ಯವೇ ಅಲ್ಲ. ಆ 5% ಬಾಗಿಲಾಚೆ ಬರೋ ಹೊತ್ತಿಗೆ ಬೇಸ್‌ಬಾಲ್, ವಾಲಿಬಾಲ್, ಸಾಫ್ಟ್‌ಬಾಲ್‌ನಲ್ಲೇ ಮುಗಿದಿರುತ್ತೆ. ನೋಡಬೇಕಾದದ್ದು ಎರಡು: ತಂಡದ ಗಾತ್ರದ ಮಿತಿ, ಮತ್ತೆ ಹೊಸ ಸ್ಕಾಲರ್‌ಶಿಪ್‌ನ ಆ 25 ಲಕ್ಷ ಯಾವ ತಂಡಕ್ಕೆ ಅನ್ನೋದು.

ಮೊದಲು ಸ್ಕಾಲರ್‌ಶಿಪ್‌ಗೆ ಮಿತಿ ಇತ್ತು, ತಂಡದ ಗಾತ್ರಕ್ಕೆ ಇರಲಿಲ್ಲ. ಪುರುಷರ ಈಜಿಗೆ 9.9 ಸ್ಕಾಲರ್‌ಶಿಪ್, ಅದನ್ನು ಚೂರು ಚೂರು ಮಾಡಿ ಮೂವತ್ತು ನಲವತ್ತು ಹುಡುಗರಿಗೆ ಹಂಚ್ತಿದ್ದರು. ಪುರುಷರ ಟೆನ್ನಿಸ್‌ಗೆ 4.5, ಮಹಿಳಾ ಟೆನ್ನಿಸ್‌ಗೆ 8. ಈಗ ತಿರುಗುಮುರುಗು. ಒಪ್ಪಂದಕ್ಕೆ ಸೇರಿದ ಯೂನಿವರ್ಸಿಟಿ ತಂಡದಲ್ಲಿರುವ ಎಲ್ಲರಿಗೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು, ಆದರೆ ತಂಡದ ಗಾತ್ರ ಮೀರುವಂತಿಲ್ಲ. ಈಜು 30, ಟೆನ್ನಿಸ್ 10, ಗಾಲ್ಫ್ 9. ಎಸ್‌ಇಸಿ ಕಾನ್ಫರೆನ್ಸ್ ಪುರುಷರ ಈಜಿಗೆ ಇನ್ನೂ ಬಿಗಿ ಮಾಡಿ 22ಕ್ಕೆ ಇಳಿಸಿತು.

‘ಕೊಡಬಹುದು’ ಅನ್ನೋ ಮಾತಿಗೆ ಮೋಸ ಹೋಗಬೇಡಿ. 4.5ರಿಂದ 10ಕ್ಕೆ ಏರಿಸುವ ಅನುಮತಿ ಇದೆ, ದುಡ್ಡು ಇಟ್ಟಿದ್ದಾರೋ ಇಲ್ಲವೋ ಬೇರೆ ಪ್ರಶ್ನೆ. ಬಹಳ ಕಡೆ ಸ್ಕಾಲರ್‌ಶಿಪ್ ಹಳೆಯಷ್ಟೇ ಇದ್ದು, ಸ್ಕಾಲರ್‌ಶಿಪ್ ಇಲ್ಲದೆ ಆಡ್ತಿದ್ದವರ ಜಾಗ ಮಾತ್ರ ಹೋಯಿತು. ನಮ್ಮ ಮಕ್ಕಳಲ್ಲಿ ಸಾಕಷ್ಟು ಜನ ನೆಚ್ಚಿಕೊಂಡಿದ್ದು ಆ ಜಾಗಗಳನ್ನೇ: ಫೀಸು ನಾವೇ ಕಟ್ತೀವಿ, ತಂಡದಲ್ಲಿ ಇಟ್ಟುಕೊಳ್ಳಿ ಅನ್ನೋ ದಾರಿ. ಅದು ಕಿರಿದಾಗಿದೆ. 2024-25ರಲ್ಲಿ ತಂಡದಲ್ಲಿದ್ದು ಈ ಮಿತಿಯಿಂದ ಜಾಗ ಕಳಕೊಂಡವರನ್ನು ಗಾತ್ರದ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಅವರನ್ನು ವಾಪಸ್ ತಗೊಳ್ಳಲೇಬೇಕು ಅಂತೇನಿಲ್ಲ. ಈಗ ಹೈಸ್ಕೂಲಿನಲ್ಲಿರೋರಿಗೆ ಅದೂ ಇಲ್ಲ.

ತಂಡವೇ ಮುಚ್ಚುವ ಅಪಾಯವೂ ಇದೆ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಯೂನಿವರ್ಸಿಟಿ 2025ರ ಮಾರ್ಚ್‌ನಲ್ಲಿ ಈಜು ಮತ್ತು ಡೈವಿಂಗ್ ತಂಡಗಳನ್ನು ನಿಲ್ಲಿಸಿತು. ಟೆಕ್ಸಸ್‌ನ ಎಲ್ ಪಾಸೋ ಯೂನಿವರ್ಸಿಟಿಯಲ್ಲಿ ಮಹಿಳಾ ಟೆನ್ನಿಸ್ ಹೋಯಿತು. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ ಅಥ್ಲೆಟಿಕ್ಸ್‌ನಲ್ಲಿ ಎಸೆತ, ಜಿಗಿತಗಳನ್ನು ಬಿಟ್ಟು ದೂರದ ಓಟಕ್ಕೆ ಸೀಮಿತವಾಯಿತು.

ಟೆನ್ನಿಸ್ ಅಂಗಳ:
ಹಾಗಾದರೆ ಹೊಸ ಸ್ಕಾಲರ್‌ಶಿಪ್‌ಗಳನ್ನು ಎಲ್ಲಿ ಸೇರಿಸ್ತಾರೆ ಅನ್ನೋದು ಮೊದಲ ಪ್ರಶ್ನೆ ಆಯ್ತಲ್ಲ. ಅದರ ಲೆಕ್ಕ ಹೇಗೆ?

ಲೆಕ್ಕದ ಖಾತೆ:
ಹೌದು, ಅದು ನಗದಿಗಿಂತ ಕಠಿಣ. ಸ್ಕಾಲರ್‌ಶಿಪ್‌ಗೆ ಟೈಟಲ್ ನೈನ್ ಅನ್ವಯಿಸುತ್ತೆ ಅನ್ನೋದರಲ್ಲಿ ಯಾವ ಸರ್ಕಾರಕ್ಕೂ ಅನುಮಾನ ಇಲ್ಲ. ಆಟಗಾರರಲ್ಲಿ ಹೆಣ್ಣುಮಕ್ಕಳು 48% ಇದ್ದರೆ ಸ್ಕಾಲರ್‌ಶಿಪ್ ಹಣದಲ್ಲೂ ಅವರ ಪಾಲು ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಒಂದು ಶೇಕಡಾ ಅಂಶಕ್ಕಿಂತ ಹೆಚ್ಚು ತಪ್ಪಿದರೆ ಕಾರಣ ತೋರಿಸಬೇಕು.

ಈಗ ಫುಟ್‌ಬಾಲ್ 85ರಿಂದ 105ಕ್ಕೆ ಹೋಯಿತು ಅಂತಿಟ್ಟುಕೊಳ್ಳಿ, 20 ಹೊಸ ಸ್ಕಾಲರ್‌ಶಿಪ್. (ಎಸ್‌ಇಸಿ ಮೊದಲ ವರ್ಷ 85ಕ್ಕೇ ನಿಲ್ಲಿಸಿತು.) ಬೇಸ್‌ಬಾಲ್ 11.7ರಿಂದ 34ಕ್ಕೆ, 22.3 ಹೊಸದು. ಒಟ್ಟು 42.3, ಎಲ್ಲ ಗಂಡುಮಕ್ಕಳಿಗೆ. ಸರಿದೂಗಿಸೋಕೆ ಸಾಫ್ಟ್‌ಬಾಲ್ 12ರಿಂದ 25, ವಾಲಿಬಾಲ್ 12ರಿಂದ 18, ಜಿಮ್ನಾಸ್ಟಿಕ್ಸ್ 12ರಿಂದ 20 ಮಾಡಿದರೂ ಸಿಕ್ಕಿದ್ದು 27. 48%ರ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಸುಮಾರು 39 ಬೇಕು, ಅಂದರೆ ಇನ್ನೂ ಹನ್ನೆರಡು ಬಾಕಿ. ಮಹಿಳಾ ದೋಣಿ ಸ್ಪರ್ಧೆಯ ತಂಡ ಇದ್ದವರು ಅಲ್ಲಿ ಸೇರಿಸ್ತಾರೆ, ಅದರ ಮಿತಿ 68. ಇಲ್ಲದವರು ಮಹಿಳಾ ಈಜು, ಟೆನ್ನಿಸ್ ಕಡೆ ತಿರುಗಬೇಕು. ಹಾಗಾಗಿ ಒಂದು ಯೂನಿವರ್ಸಿಟಿ ಬೇಸ್‌ಬಾಲ್‌ಗೆ ಪೂರ್ತಿ 34 ಕೊಡ್ತಿದೆ ಅಂತ ಗೊತ್ತಾದರೆ, ಅಲ್ಲಿ ಹೆಣ್ಣುಮಕ್ಕಳ ಸಣ್ಣ ಕ್ರೀಡೆಗಳಿಗೂ ಸ್ಕಾಲರ್‌ಶಿಪ್ ಏರಿರುವ ಸಾಧ್ಯತೆ ಇದೆ. ಪುರುಷರ ಟೆನ್ನಿಸ್‌ಗೆ ಅಂಥ ಒತ್ತಾಸೆ ಎಲ್ಲಿಂದಲೂ ಇಲ್ಲ. ಗಂಡುಮಕ್ಕಳ ತಂದೆತಾಯಿ ಇದನ್ನು ತಿಳಿದಿರಬೇಕು.

ಖರ್ಚು ನೋಡಿ. ಒಂದಕ್ಕೆ 50,000 ಡಾಲರ್ ಅಂದರೆ 42.3 ಮತ್ತು 27 ಸೇರಿ 34.65 ಲಕ್ಷ. ಮಿತಿಯಲ್ಲಿ ಕಳೆಯೋದು 25 ಲಕ್ಷ ಮಾತ್ರ, ಉಳಿದ 9.65 ಲಕ್ಷ ಮಿತಿಯಲ್ಲಿ ಕಾಣಲ್ಲ, ಆದರೆ ಜೇಬಿನಿಂದ ಹೋಗುತ್ತೆ. ಬಜೆಟ್ ಮಾಡುವವರು ಮರೆಯೋದು ಈ ಎರಡನೇ ಅಂಕಿಯನ್ನೇ.

ಶನಿವಾರದ ಸ್ಟೇಡಿಯಂ:
ತಂಡದೊಳಗೆ ಹಂಚುವಾಗ ಏನು ಕೆಡುತ್ತೆ ಅನ್ನೋದನ್ನೂ ಸೇರಿಸ್ತೀನಿ. 1.35 ಕೋಟಿಯನ್ನು 105 ಜನಕ್ಕೆ ಸಮವಾಗಿ ಯಾರೂ ಕೊಡಲ್ಲ. ಈಗ ಜನರಲ್ ಮ್ಯಾನೇಜರ್ ಅಂತ ಹುದ್ದೆ ಮಾಡಿ, ಸ್ಥಾನದ ಪ್ರಕಾರ ದರ ಕಟ್ಟಿ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ದೊಡ್ಡ ಪಾಲು, ಆಮೇಲೆ ಅವನನ್ನು ಕಾಯುವ ಎಡ ಟ್ಯಾಕಲ್, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರು, ಹೀಗೆ ಹೋಗುತ್ತೆ. ಎಡವೋದು ಕ್ಯಾಲೆಂಡರ್‌ನಲ್ಲಿ. ಹಣದ ವರ್ಷ ಜುಲೈಯಿಂದ ಜೂನ್. ಸೀಸನ್ ಆಗಸ್ಟ್‌ನಲ್ಲಿ ಶುರುವಾಗಿ ಜನವರಿಗೆ ಮುಗಿಯುತ್ತೆ, ಆಟಗಾರರು ಬೇರೆ ಯೂನಿವರ್ಸಿಟಿಗೆ ಜಿಗಿಯೋದೂ ಆಗಲೇ. ಜುಲೈನಲ್ಲೇ ಎಲ್ಲವನ್ನೂ ಒಪ್ಪಂದಗಳಿಗೆ ಕಟ್ಟಿಹಾಕಿದರೆ ಜನವರಿಯಲ್ಲಿ ಹೊಸಬರನ್ನು ಕರೆತರೋಕೆ ಕೈಯಲ್ಲಿ ಕಾಸಿರಲ್ಲ. ಅದಕ್ಕೆ ಒಂದಿಷ್ಟನ್ನು ಮೀಸಲಿಡಬೇಕು, ತಿಂಗಳ ಕಂತಿನಲ್ಲಿ ಕೊಡಬೇಕು, ಬಿಟ್ಟು ಹೋದವರ ಕಂತು ಅದೇ ತಿಂಗಳು ನಿಲ್ಲುವಂತೆ ಬರೆಯಬೇಕು.

ಕಾನೂನು ಕಟ್ಟೆ:
ಒಪ್ಪಂದ ಮುರಿದು ಹೋದವರಿಂದ ಹಣ ವಾಪಸ್ ಪಡೆಯುವ ಷರತ್ತುಗಳೂ ಈಗ ಸಾಮಾನ್ಯ. 2025ರ ಜೂನ್‌ನಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿ ಮಯಾಮಿ ಯೂನಿವರ್ಸಿಟಿಯ ಮೇಲೆ ಮೊಕದ್ದಮೆ ಹೂಡಿದ್ದು, ಒಪ್ಪಂದ ಮಾಡಿಕೊಂಡಿದ್ದ ತನ್ನ ಆಟಗಾರನನ್ನು ಸೆಳೆದುಕೊಂಡಿತು ಎಂಬ ಆರೋಪದ ಮೇಲೆ. ಸಹಿ ಹಾಕುವ ಮೊದಲು ಮೂರು ಕಲಮುಗಳನ್ನು ವಕೀಲರಿಗೆ ತೋರಿಸಿ: ಗಾಯವಾದರೆ ಪಾವತಿ ಮುಂದುವರಿಯುತ್ತದೆಯೇ, ತಂಡ ಬಿಟ್ಟರೆ ಎಷ್ಟು ಹಿಂತಿರುಗಿಸಬೇಕು, ಹೆಸರು-ಚಿತ್ರದ ಹಕ್ಕು ಕಾಲೇಜು ಮುಗಿದ ಮೇಲೂ ಅವರ ಬಳಿಯೇ ಉಳಿಯುತ್ತದೆಯೇ. ಹೊರಗಿನ ನೈಲ್ ಒಪ್ಪಂದ 600 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟಿದ್ದರೆ ‘ನೈಲ್ ಗೋ’ (NIL Go) ಜಾಲತಾಣದಲ್ಲಿ ದಾಖಲಿಸಬೇಕು. ನಿಜವಾದ ವ್ಯಾಪಾರದ ಉದ್ದೇಶ ಇದೆಯೇ, ಮೊತ್ತ ಸಮಂಜಸವೇ ಎಂದು ಈ ನಿಯಮಗಳನ್ನು ಜಾರಿ ಮಾಡುವ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ನೋಡುತ್ತದೆ.

ಕೊಪ್ಪಳದ ಕೀ:
ಇನ್ನೊಂದು ಪ್ರಶ್ನೆ. ಬೆಂಗಳೂರಿಂದಲೋ ಮೈಸೂರಿಂದಲೋ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವ ಆಟಗಾರರಿಗೆ ಈ ಹಂಚಿಕೆಯಲ್ಲಿ ಏನಾದರೂ ಸಿಗುತ್ತಾ?

ಲೆಕ್ಕದ ಖಾತೆ:
ಸ್ಕಾಲರ್‌ಶಿಪ್ ಸಿಗುತ್ತೆ, ಅದಕ್ಕೆ ಅಡ್ಡಿಯಿಲ್ಲ. ಊಟ-ವಸತಿಗೆ ಕೊಡೋ ಭಾಗಕ್ಕೆ ತೆರಿಗೆ ಇದೆ. ಎಫ್-1ನವರಿಗೆ ಸಾಮಾನ್ಯವಾಗಿ 14% ಮೊದಲೇ ಹಿಡಿದುಕೊಳ್ತಾರೆ. ಬೋಧನಾ ಶುಲ್ಕ, ಕೋರ್ಸಿಗೆ ಕಡ್ಡಾಯ ಪುಸ್ತಕದ ಭಾಗಕ್ಕೆ ಇಲ್ಲ.

ನೇರ ಪಾವತಿಯಲ್ಲೇ ತೊಡಕು. ಅದು ಕೆಲಸಕ್ಕೆ ಕೊಟ್ಟ ಸಂಬಳ ಅಂತ ವಲಸೆ ಇಲಾಖೆ ಕಂಡರೆ ವೀಸಾ ಸ್ಥಾನಮಾನಕ್ಕೇ ಕುತ್ತು. ಅದಕ್ಕೇ ಯೂನಿವರ್ಸಿಟಿಗಳು ಇಲ್ಲಿ ಬಹಳ ಎಚ್ಚರಿಕೆ. ಜಾಹೀರಾತು, ಸಹಿ ಹಾಕುವ ಕಾರ್ಯಕ್ರಮ, ಸಾಮಾಜಿಕ ಜಾಲತಾಣದ ಪೋಸ್ಟ್ ಇವೆಲ್ಲ ಕೆಲಸವೇ, ಅಮೆರಿಕದಲ್ಲಿದ್ದಾಗ ಮುಟ್ಟಲೇಬಾರದು. ಏನೂ ಮಾಡದೆ ಬರೋ ರಾಯಧನ, ಉದಾಹರಣೆಗೆ ಜೆರ್ಸಿ ಮಾರಾಟದ ಪಾಲು, ಬೇರೆ ಬಗೆಯದು ಅನ್ನೋ ವಾದ ಇದೆ. ಅದಕ್ಕೂ ಒಪ್ಪಂದದ ಭಾಷೆ ಸರಿಯಿರಬೇಕು. ಅನಿವಾಸಿಗೆ ಬರುವ ರಾಯಧನದಲ್ಲಿ 30% ಮೊದಲೇ ಹಿಡಿಯೋದು ಮೂಲ ನಿಯಮ, 1042-ಎಸ್ ಫಾರಂನಲ್ಲಿ ಬರುತ್ತೆ. ಕೋಚ್ ‘ಏನೂ ಆಗಲ್ಲ’ ಅಂದರೂ ನಂಬಿ ಸಹಿ ಹಾಕಬೇಡಿ. ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿ ಕಚೇರಿಯಿಂದ ಬರಹದಲ್ಲಿ ಉತ್ತರ ತಗೊಂಡು, ಬೇರೆಯೇ ಒಬ್ಬ ವಲಸೆ ವಕೀಲರಿಗೆ ತೋರಿಸಿ.

ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ ವೀಸಾ ಚಿಂತೆ ಇಲ್ಲ, ತೆರಿಗೆಯದ್ದು ಇದೆ. 1099 ಫಾರಂ ಬರುತ್ತೆ, ಯೂನಿವರ್ಸಿಟಿ ಏನೂ ಹಿಡಿದುಕೊಳ್ಳಲ್ಲ. ಮಾಮೂಲಿ ಆದಾಯ ತೆರಿಗೆಯ ಜೊತೆ ಸ್ವಯಂ ಉದ್ಯೋಗದ 15.3% ಕೂಡ ಬೀಳಬಹುದು. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15ಕ್ಕೆ ಅಂದಾಜು ಕಂತು ಕಟ್ಟಬೇಕು. ಬಂದ ಪ್ರತಿ ಕಂತಿನಲ್ಲೂ ಮೂರನೇ ಒಂದು ಭಾಗ ಬೇರೆ ಖಾತೆಗೆ ಹಾಕಿಡಿ.

ಈಜುಕೊಳ:
ಇದಕ್ಕೆ ಒಂದು ಸೇರಿಕೆ. ಮಕ್ಕಳನ್ನು ಕ್ಯಾಂಪಸ್ ನೋಡೋಕೆ ಕರಕೊಂಡು ಹೋದಾಗ ಕೋಚ್‌ಗೆ ‘ನಮ್ಮ ಕ್ರೀಡೆಗೆ ಎಷ್ಟು ಪರ್ಸೆಂಟ್’ ಅಂತ ಕೇಳಬೇಡಿ, ಅವರಿಗೂ ಗೊತ್ತಿರಲ್ಲ. ಹೀಗೆ ಕೇಳಿ: ನೀವು ಒಪ್ಪಂದಕ್ಕೆ ಸೇರಿದ್ದೀರಾ? (ಐವಿ ಲೀಗ್ ಸೇರಿಲ್ಲ, ಅಲ್ಲಿ ಈ ಗಾತ್ರದ ಮಿತಿಯೂ ಇಲ್ಲ.) ಕಾನ್ಫರೆನ್ಸ್ ಇನ್ನೂ ಕಡಿಮೆ ಮಿತಿ ಹಾಕಿದೆಯಾ? ಗಾತ್ರ 10 ಇದ್ದರೆ ಈ ವರ್ಷ ಎಷ್ಟು ಸ್ಕಾಲರ್‌ಶಿಪ್‌ಗೆ ದುಡ್ಡು ಇದೆ? ಗಾತ್ರದ ಲೆಕ್ಕದಿಂದ ಹೊರಗಿರೋ ಹಳಬರು ಎಷ್ಟು ಜನ, ಯಾವಾಗ ಮುಗಿಸ್ತಾರೆ? ಸೀಸನ್‌ನ ಮೊದಲ ಸ್ಪರ್ಧೆಗೆ ಮುಂಚೆ ಜಾಗ ಸಾಲದಿದ್ದರೆ ಯಾರನ್ನು ಕೈಬಿಡ್ತೀರಿ? ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಕೋಚ್ ಇದ್ದರೆ ಆ ಯೂನಿವರ್ಸಿಟಿಯನ್ನು ಪಟ್ಟಿಯಲ್ಲಿ ಕೆಳಗಿಳಿಸಿ.